ಹಿತ್ತಿಲ ಕಿಟಕಿಯ ಗಾಜು

ಒಲೆಗೆ ಕೆಂಡ ಒಯ್ಯಲು ಹಿಂದಿನ ಮನೆಯ ಜೋಗಮ್ಮ ಎಂದಿನಂತೆ ಕಿಟಕಿಯೊಳಗೆ ಸಗಣಿಯ ಕುಳ್ಳು ಚಾಚಿದಳು. ಕೈಯೂ ಕುಳ್ಳೂ ಗಾಜಿಗೆ ಬಡಿದು ಟಕ್ಕೆಂದಿತು. ಒಳಗೆ ಒಲೆಯ ಮುಂದೆ ಕೂತಿದ್ದ ಗ್ಯಾನಮ್ಮ ತಲೆಯೆತ್ತಲಿಲ್ಲ.

ಕಾಲುವೆ ನೀರು ಬಂದು ಭತ್ತ ಕೈಹಿಡಿದ ಮೇಲೆ ಅವಳ ಗಂಡ ಸಿಂಧನೂರಿನ ಬಡಿಗ ಆದಪ್ಪನನ್ನು ಕರೆಸಿ, ಹಳೆಯ ಸರಳಿನ ಕಿಟಕಿ ಕೀಳಿಸಿ ಗಾಜಿನದು ಹಾಕಿಸಿದ್ದ. "ಕದಾ ಕೂಡಸ್ಲೇನವ್ವ? ತಗ್ಯಾಕ ಮುಚ್ಚಾಕ ಬರ್ತೈತಿ" ಎಂದು ನಿನ್ನೆ ಆದಪ್ಪ ಕೇಳಿದಾಗ, "ಬ್ಯಾಡಪ್ಪ, ಧೂಳು ಬರ್ತೈತಿ. ಪೂರಾ ಮುಚ್ಚಿಬಿಡು" ಎಂದವಳು ಗ್ಯಾನಮ್ಮನೇ. ಧೂಳು ಬರೀ ನೆಪ. ದಿನಾ ಬೆಳಗಾದರೆ ಒಳಗೆ ಬರುವ ಆ ಕೈ ಅವಳಿಗೆ ಸಾಕಾಗಿಹೋಗಿತ್ತು.

ಬೈಗುಳ ಬಂದೀತೆಂದು ಮೈಯೆಲ್ಲ ಬಿಗಿಹಿಡಿದು ಕೂತಳು. ಬರಲಿಲ್ಲ. ಓರೆಗಣ್ಣಲ್ಲಿ ನೋಡಿದರೆ, ಜೋಗಮ್ಮ ಕುಳ್ಳನ್ನು ಕಂಕುಳಲ್ಲಿ ಇರುಕಿಕೊಂಡು, ಗಾಜಿನ ಮೇಲೆ ಮೂಡಿದ ತನ್ನ ಕೈಯ ಮಸಿಯನ್ನು ಸೆರಗಿನಿಂದ ಉಜ್ಜಿ ಉಜ್ಜಿ ಒರೆಸುತ್ತಿದ್ದಳು.

"ಹೊಸಾದನ್ನ ಹೊಲಸು ಮಾಡಿಬಿಟ್ಟೆ, ಸಿಟ್ಟಾಗಬ್ಯಾಡ ಗ್ಯಾನವ್ವ," ಗಾಜಿನಾಚೆಯಿಂದ ಸಣ್ಣಗೆ ಕೇಳಿತು. "ಈ ಕಿಟಕಿ ಹೆಂಗ ತಗೀತಾರವ್ವ? ನನಗ ಗೊತ್ತಾಗವಲ್ದು."