ಕುಣಿ ಮುಂದಿನ ಬಾವುಟ

ಪರದೆಯೊಳಗಿನ ಮೊಲ ಮತ್ತೆ ಕುಣಿಗೆ ಬಿತ್ತು. ಅದನ್ನು ಆಡಿಸುತ್ತಿದ್ದ ಬಸವಂತನೂ ಸೊಂಟದವರೆಗೆ ಕುಣಿಯಲ್ಲೇ ಇದ್ದ. ಇಳಕಲ್ಲಿನ ಕೈಮಗ್ಗದವರು ಕಾಲು ಇಳಿಬಿಟ್ಟು ಕೂತು ನೇಯುವ ಕುಣಿ ಅವನದು. ಸೋಲಾಪುರದ ಸೋದರಮಾವ ತಂದುಕೊಟ್ಟ ಅಂಗೈಯಗಲದ ವಿಡಿಯೋ ಗೇಮನ್ನು ಮಗಳು ಪ್ರಿಯದರ್ಶಿನಿ ಶಾಲೆಯಿಂದ ಬಂದವಳೇ ಅಪ್ಪನ ಕೈಗಿಟ್ಟಿದ್ದಳು. ಅದಕ್ಕೆ ಕಾರಣವಿತ್ತು. ಅವಳು ಹುಟ್ಟುವ ಮೊದಲು, ಬಸ್ ಸ್ಟ್ಯಾಂಡಿನ ಪಕ್ಕದ ಫಾರೂಕನ ಅಂಗಡಿಯಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ಇದೇ ಕೆಂಪು ಬೂಟಿನ ಮೊಲದ ಆಟವನ್ನು ಕೊನೆಮುಟ್ಟ ಆಡಿ ಗೆದ್ದವನು ಊರಿಗೆಲ್ಲ ತಾನೊಬ್ಬನೇ ಎಂದು ಬಸವಂತ ಇಂದಿಗೂ ಹೇಳಿಕೊಳ್ಳುತ್ತಿದ್ದ.

"ಹೆಂಗೈತಿ ಅಪ್ಪಾ, ನಿಮ್ಮ ಕಾಲದ್ದು ಛಲೋನೋ ಇದೋ?"

ಬಸವಂತ ಆಟವನ್ನು ತೋಳು ಚಾಚಿ ದೂರ ಹಿಡಿದ. ತೋಳು ಸಾಲಲಿಲ್ಲ.

"ಕೆಡಿಸ್ಯಾರ," ಎಂದ. "ಹಳೇದ್ರಾಗ ಮೊಲ ಹಾರಿದ್ರ ಒಂದು ತೂಕ ಇರ್ತಿತ್ತು, ಧಪ್ ಅಂತ ಇಳೀತಿತ್ತು. ಇದು ಕಾಗದದ ಹಾಳಿ ಹಾರಿದಂಗ ಹಾರತೈತಿ. ಆಗ ಮೊಲ ಬಿದ್ರ ಟಿವಿಗೆ ಟಿವೀನ ಅಳತಿತ್ತು, ಇದು ಸೊಳ್ಳಿ ಹಂಗ ಗುಂಯ್ ಅಂತೈತಿ. ಮತ್ತ ಆಗ ಕರೆಂಟ್ ಹೋದ್ರ ಮೊದಲಿಂದ ಶುರು ಮಾಡಬೇಕು. ಇದ್ರಾಗ ಸತ್ತ ಜಾಗಾದಿಂದನ ಎದ್ದು ನಡೀತೈತಿ. ಸಾಯೋದಕ್ಕ ಕಿಮ್ಮತ್ತ ಇಲ್ಲ."

"ಕಿಮ್ಮತ್ತ ಇಲ್ಲಂತನ ಇಷ್ಟು ಸಲ ಸಾಯಾಕತ್ತೀರೇನು?" ಎಂದಳು ಹೆಂಡತಿ ನಾಗರತ್ನಾ. ಅವಳು ಮೂಲೆಯಲ್ಲಿ ಕೂತು ಲಾಳಿಯೊಳಗೆ ಕೂರಿಸುವ ಪುಟ್ಟ ಕೊಳವೆ, ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮೂಗಿನ ಮೇಲೆ ಕಮತಗಿ ಸಂತೆಯಲ್ಲಿ ಕೊಂಡ ಚಾಳೀಸು, ಹತ್ತಿರದ್ದು ಕಾಣಲು ಹಾಕುವ ಕನ್ನಡಕ. ಅದರ ಒಂದು ಕಡ್ಡಿ ಮುರಿದು, ಆ ಜಾಗದಲ್ಲಿ ದಾರ ಕಟ್ಟಿತ್ತು.

ಬಸವಂತ ಮಗಳ ಕಡೆ ತಿರುಗಿದ. "ಎಲ್ಲಾಕ್ಕಿಂತ ದೊಡ್ಡ ಮೋಸ ಕೇಳು. ಹಳೇದ್ರಾಗ ಕುಣಿ ಬರೂಕಿಂತ ಮೊದಲ ಒಂದು ಹಳದಿ ಬಾವುಟ ನೆಟ್ಟಿರತಿದ್ರು, ಹುಷಾರಪಾ ಅಂತ. ಇದ್ರಾಗ ಅದನ್ನ ತಗದು ಒಗದಾರ. ಮಂದೀನ ಬೀಳಸಾಕನ ಮಾಡಿದ ಆಟ ಇದು."

ಪ್ರಿಯದರ್ಶಿನಿ ಪರದೆಯತ್ತ ಬಗ್ಗಿ ನೋಡಿ ಏನೋ ಹೇಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರ ಶಿವಸಂಗಪ್ಪ. ಕಂಕುಳಲ್ಲಿ ಬಸವಂತ ಹೋದ ವಾರ ನೇಯ್ದುಕೊಟ್ಟ ಸೀರೆ.

ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಮಗ್ಗದ ಮೇಲೆಯೇ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ತೋಪು ತೆನೆ ಎಂದು ಅದರ ಹೆಸರು. ಶಿವಸಂಗಪ್ಪ ಸೀರೆ ಬಿಡಿಸಿ, ಕಣ್ಣು ಮುಚ್ಚಿ, ಆ ಕೂಡಿಕೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದ. ಕೊಂಡಿ ತಪ್ಪಿದಲ್ಲೆಲ್ಲ ಉಗುರು ಸಿಕ್ಕಿಕೊಂಡಿತು.

"ಬಸವಂತಾ, ನಿನ್ನ ಹಳೇ ಸೀರಿನ ಛಲೋ ಇದ್ವಲೋ."

"ನೂಲ ಸರಿ ಇಲ್ರಿ ಸಾಹುಕಾರ್ರ. ಮೊದಲಿನ ಎಳಿ ಎದ್ದು ಕಾಣತಿತ್ತು. ಈಗಿಂದು ಬರೇ ಕೂದಲಾ. ಈ ಟ್ಯೂಬ್‌ಲೈಟೂ ಮೊದಲಿನಂಗ ಉರಿಯಂಗಿಲ್ಲ."

"ಹೌದಪಾ, ಹೊರಗ ನಿಂತು ಎಲ್ಲಾ ಕೇಳಿದೆ. ಆಟಾ ಕೆಟ್ಟೈತಿ, ನೂಲು ಕೆಟ್ಟೈತಿ, ಲೈಟ್ ಕೆಟ್ಟೈತಿ. ಇಳಕಲ್ಲಿನಾಗ ಕೆಡದಂಗ ಉಳದಾಂವ ನೀ ಒಬ್ಬನ." ಶಿವಸಂಗಪ್ಪ ಸೀರೆ ಮಡಚಿದ. "ಬಾದಾಮಿಯವರ ಮದುವಿ ಸೀರಿಗೆ ನಾಳೆ ತೋಪು ತೆನಿ ಹಾಕಬೇಕು. ಅದೂ ಹಿಂಗ ಆತಂದ್ರ ಮುಂದಿನ ನೂಲು ಆಚೀ ಓಣಿ ನೇಕಾರ ಮಲೀಕಸಾಬನ ಮನಿಗೆ ಹೋಗತೈತಿ. ಅಲ್ಲಿಗೆ ಹೋದದ್ದು ಹೊಳ್ಳಿ ಇಲ್ಲಿಗೆ ಬರಂಗಿಲ್ಲ, ಈಗ ಹೇಳೀನಿ."

ಸಾಹುಕಾರನ ಚಪ್ಪಲಿ ಸದ್ದು ಓಣಿ ದಾಟಿದ ಮೇಲೆ ನಾಗರತ್ನಾ ಎದ್ದು ಬಂದು ಚಾಳೀಸು ತೆಗೆದು ಮಗ್ಗದ ಮೇಲಿಟ್ಟಳು.

"ಹಾಕ್ಕೋರಿ."

"ನೇಕಾರಗ ಚಾಳೀಸ ಬಂತಂದ್ರ ಮುಗೀತು. ಓಣಿ ಮಂದಿ ಏನಂದಾರು?"

"ನನಗ ಬಂದು ಎಷ್ಟು ದಿನಾ ಆತು. ಯಾರೂ ಏನೂ ಅಂದಿಲ್ಲ. ನಾ ಸುತ್ತಿದ ಕಂಡಿಕಿನ ನೀವು ಲಾಳಿಗೆ ಹಾಕಾಕತ್ತೀರಿ."

ಬಸವಂತ ಕತ್ತು ಚಾಚಿ ಓಣಿಯ ಕಡೆ ನೋಡಿದ. ಆಮೇಲೆ ಮಗಳಿಗೆ, "ಬಾಗಿಲಾ ಹಾಕು," ಎಂದ.

ಚಿಲಕ ಬಿದ್ದ ಮೇಲೆಯೇ ದಾರವನ್ನು ಕಿವಿಗೆ ಸುತ್ತಿ ಚಾಳೀಸು ಏರಿಸಿದ. ಮಗ್ಗದ ಕಡೆ ಮೊದಲು ನೋಡಲು ಧೈರ್ಯ ಬರಲಿಲ್ಲ. ತೊಡೆಯ ಮೇಲಿದ್ದ ಆಟವನ್ನು ಎತ್ತಿಕೊಂಡ. ತೋಳು ಚಾಚಬೇಕಾಗಲಿಲ್ಲ. ಮೊಲಕ್ಕೆ ಮೀಸೆ ಇತ್ತು. ಬೂಟಿಗೆ ಲಾಡಿ ಇತ್ತು. ಕುಣಿಯ ಮುಂದೆ ಕಡ್ಡಿಯಷ್ಟು ಪುಟ್ಟ ಹಳದಿ ಬಾವುಟ ಇತ್ತು. ಹಾರಿಸಿದ, ಮೊಲ ಆಚೆ ದಡಕ್ಕೆ ಇಳಿಯಿತು. ಮುಂದಿನ ಕುಣಿಗೂ ಬಾವುಟ ಇತ್ತು.

ಚಾಳೀಸಿನ ಮೇಲಿಂದ ಮಗಳನ್ನು ದುರುಗುಟ್ಟಿ ನೋಡಿದ. "ಸಾಹುಕಾರ್ರು ಬಂದಾಗ ನೀ ಇದಕ್ಕ ಏನೋ ಬಟನ್ ಒತ್ತೀದಿ."

"ನಾ ಮುಟ್ಟೇ ಇಲ್ಲ ಅಪ್ಪಾ."

"ಏನರ ಇರಲಿ. ಆಟಾ ಈಗ ಸುಧಾರಿಸೈತಿ."

ಆಮೇಲೆ ಮದುವೆ ಸೀರೆಯ ಎಳೆಗಳ ಮೇಲೆ ಬಗ್ಗಿದ. ಒಂದೊಂದು ಎಳೆಯೂ ಪಕ್ಕದ್ದರಿಂದ ಸರಿದು ತನ್ನಷ್ಟಕ್ಕೆ ತಾನು ನಿಂತಿತ್ತು. ಬೆರಳಿನಿಂದ ಒಂದನ್ನು ಎತ್ತಿ ನೋಡಿ ಬಿಟ್ಟ. ಇನ್ನೊಂದನ್ನು ಎತ್ತಿದ.

"ನೂಲೂ ಬದಲಿ ಮಾಡ್ಯಾರ ಕಾಣ್ತೈತಿ," ಎಂದ ಕೊನೆಗೆ.

ಮೂಲೆಯಲ್ಲಿ ನಾಗರತ್ನಾ ಬರಿಗಣ್ಣಿನಲ್ಲಿ ಕೂತು, ಕೈಯಿಂದ ಜಾರಿದ ನೂಲಿನ ತುದಿಗಾಗಿ ನೆಲವನ್ನೆಲ್ಲ ಬೆರಳಿನಿಂದ ತಡಕುತ್ತಿದ್ದಳು.