ಹದಿನೇಳನೆಯವರು

"ಈ ಹದಿನೇಳನೆಯವರು ನಮ್ಮಮ್ಮ ಮೇಡಂ."

ಎಂ.ಎ. ಮೊದಲ ವರ್ಷದ ವಿದ್ಯಾರ್ಥಿನಿ ಗ್ರಂಥಾಲಯದ ಹಳೇ ಪ್ರಬಂಧವೊಂದನ್ನು ಮೇಜಿನ ಮೇಲಿಟ್ಟು ಬೆರಳೂರಿ ತೋರಿಸಿದಳು. ಸಮಾಜಶಾಸ್ತ್ರದ ಮೇಡಂ ಕನ್ನಡಕ ಏರಿಸಿಕೊಂಡರು. ಅವರದೇ ಪ್ರಬಂಧ. ಮೂವತ್ತೈದು ವರ್ಷದ ಹಿಂದೆ ಇದೇ ಎಂ.ಎ.ಗೆ ಬರೆದದ್ದು, ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಇಪ್ಪತ್ತನಾಲ್ಕು ಹೆಂಗಸರ ಬಗ್ಗೆ. ಅದರಲ್ಲಿ ಯಾರಿಗೂ ಹೆಸರಿಲ್ಲ, ಬರೀ ನಂಬರು. ಅದು ಆ ಶಾಸ್ತ್ರದ ಕಟ್ಟುಪಾಡು.

"ಗಂಡ ಗಡಿಯಾರ ರಿಪೇರಿ ಮಾಡೋರು, ಮೂರು ಹೆಣ್ಣುಮಕ್ಕಳು, ಎಡಗೈ ಹೆಬ್ಬೆರಳು ಇಸ್ತ್ರಿಗೆ ಸುಟ್ಟಿದೆ. ಇನ್ಯಾರಿರ್ತಾರೆ?" ಮಕ್ಕಳನ್ನು ಕಾಲೇಜಿಗೆ ಸೇರಿಸಿ ಆಮೇಲೆ ತಾನೂ ಸೇರಿದವಳು ಅವಳು, ನಲವತ್ತು ದಾಟಿತ್ತು. ದನಿ ಮಾತ್ರ ಈಗ ಪುಟ್ಟ ಹುಡುಗಿಯದಾಗಿತ್ತು. "ನಂಗೆ ಹನ್ನೆರಡು ವರ್ಷ ಇದ್ದಾಗ ಹೋಗ್ಬಿಟ್ಲು. ಒಂದು ಫೋಟೋ ಇದೆ, ಧ್ವನಿ ಮರ್ತೇಹೋಗಿದೆ. ನೀವು ಟೇಪ್ ಮಾಡ್ಕೊಂಡೆ ಅಂತ ಬರ್ದಿದೀರಲ್ಲ, ಒಂದೇ ಒಂದ್ಸಲ ಕೇಳಿಸಿ ಮೇಡಂ."

ಹದಿನೇಳನೆಯವಳು ಇವಳ ಅಮ್ಮನೇ, ಅನುಮಾನವೇ ಇರಲಿಲ್ಲ. ಹಬೆ ತುಂಬಿದ ಆ ಹಜಾರ ಮೇಡಂ ಕಣ್ಣಮುಂದೆ ಬಂದು ನಿಂತಿತು. "ಪೆನ್ನು ಹಿಡಿದೋರ ಹತ್ರ ನಾನು ಮಾತಾಡಲ್ಲ. ಆ ತುದಿ ಹಿಡ್ಕೋ" ಎಂದು ಬೆಡ್‌ಶೀಟಿನ ಒಂದು ತುದಿ ಕೈಗೆ ಕೊಟ್ಟಿದ್ದವಳು. ಮಡಿಸುತ್ತ ಹತ್ತಿರ ಬಂದಾಗ ಒಂದು ಮಾತು, ದೂರ ಸರಿದಾಗ ಒಂದು ನಗು. ಓದಿದ ಪುಸ್ತಕಗಳೆಲ್ಲ ಒಂದು ತೂಕವಾದರೆ ಆ ಮೂರು ತಿಂಗಳೇ ಒಂದು ತೂಕ! ಕೊನೆಯ ದಿನ ಮಾತ್ರ ಅವಳು ಆಣೆ ಹಾಕಿಸಿಕೊಂಡಿದ್ದಳು: "ಮನೇಲಿ ನಾನು ಹಲ್ಲು ಬಿಟ್ರೂ ರಾಮಾಯಣ ಆಗುತ್ತೆ ಕಣೇ. ಇಲ್ಲಿ ಹೀಗೆ ನಗ್ತೀನಿ ಅಂತ ಗೊತ್ತಾದ್ರೆ ನಾಳೆನೇ ಕೆಲಸ ಬಿಡಿಸ್ತಾರೆ. ನಾನು ಸತ್ತಮೇಲೂ ನಮ್ಮನೇಲಿ ಯಾರಿಗೂ ಹೇಳ್ಬೇಡ."

"ಹದಿನೇಳನೆಯವರು ಯಾರು ಅಂತ ನಾನು ಹೇಳೋ ಹಾಗಿಲ್ಲಮ್ಮ" ಎಂದರು ಮೇಡಂ.

"ಹೇಳೋದು ಬೇಡ, ಕೇಳಿಸಿ ಸಾಕು."

ಮೇಡಂಗೆ ನಾಚಿಕೆಯಾಯಿತು. "ಆಗ ನನ್ನ ಹತ್ರ ಇದ್ದಿದ್ದು ಒಂದೇ ಕ್ಯಾಸೆಟ್. ಒಬ್ಬರ ಮಾತು ಬರ್ಕೊಂಡು ಅದ್ರ ಮೇಲೇ ಇನ್ನೊಬ್ಬರದ್ದು ರೆಕಾರ್ಡ್ ಮಾಡ್ತಿದ್ದೆ. ಹದಿನೇಳರ ಮೇಲೆ ಹದಿನೆಂಟು ಬಂತು. ಈಗ ಉಳಿದಿರೋದು ಕೊನೇಲಿ ಮಾತಾಡಿಸಿದ ಅಜ್ಜೀದು ಮಾತ್ರ. ಆ ಅಜ್ಜಿ, ನನ್ನ ಮಾತು ಊರಿಗೆಲ್ಲ ಡಂಗುರ ಹೊಡಿ ಅಂದಿದ್ರು. ಕೇಳ್ತೀಯಾ?"

ಹಾಗೆ ಕೇಳುವಾಗ ಮೇಡಂಗೆ ಒಂದು ಆಸೆಯಿತ್ತು. ಆ ಟೇಪಿನಲ್ಲಿ ಹದಿನೇಳನೆಯವಳ ಮಾತಿಲ್ಲ, ಆದರೆ ನಗುವಿದೆ. ತಾವು ಬಾಯಿಬಿಟ್ಟರೆ ತಾನೇ ಆಣೆ ಮುರಿಯುವುದು? ಮಗಳ ಕಿವಿ ತಾನಾಗಿ ಗುರುತು ಹಿಡಿದರೆ ಅದು ಯಾರ ತಪ್ಪು! ಬೀರುವಿನಿಂದ ಹಳೇ ಟೇಪ್ ರೆಕಾರ್ಡರ್ ತೆಗೆದು ಗುಂಡಿ ಒತ್ತಿದರು.

ಯಂತ್ರಗಳ ಗಡಗಡ ಸದ್ದು. ಅದರ ನಡುವೆ ಇಪ್ಪತ್ತಮೂರರ ಮೇಡಂ, ಪಕ್ಕಾ ಪುಸ್ತಕದ ಕನ್ನಡದಲ್ಲಿ: "ನಿಮ್ಮ ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತೀರಿ?"

"ಬಿಡುವಾ?" ಅಜ್ಜಿಯ ದನಿ. "ಅದು ಯಾವ ಅಂಗಡೀಲಿ ಸಿಗುತ್ತೆ ಮಗಾ?"

ಹಿಂದಿನಿಂದ ಯಾರೋ ಒಬ್ಬ ಹೆಂಗಸು ಗೊಳ್ಳೆಂದು ನಕ್ಕಳು. ಯಂತ್ರದ ಸದ್ದನ್ನೂ ಮೀರಿ, ಉಸಿರು ಸಿಕ್ಕಿಕೊಂಡು, ಸುಧಾರಿಸಿಕೊಂಡು, ಮತ್ತೆ ಮೊದಲಿಂದ ನಕ್ಕಳು. ಮೇಡಂ ಕಣ್ಣು ತುಂಬಿ ಬಂತು. ಎವೆಯಿಕ್ಕದೆ ಮಗಳ ಮುಖವನ್ನೇ ನೋಡುತ್ತ ಕುಳಿತರು.

ಮಗಳ ಮುಖ ಅರಳಿತು. "ಇನ್ನೊಂದ್ಸಲ ಹಾಕಿ ಮೇಡಂ" ಎಂದಳು. ಹಾಕಿದರು. ಕ್ಯಾಸೆಟ್ ಮುಗಿಯುವವರೆಗೂ ಕೇಳಿ, ನಿಧಾನವಾಗಿ ತಲೆಯಾಡಿಸಿದಳು.

"ಇಲ್ಲ ಮೇಡಂ. ಇದ್ರಲ್ಲಿ ಅಮ್ಮ ಎಲ್ಲೂ ಇಲ್ಲ."

ಕಣ್ಣೊರೆಸಿಕೊಂಡು ಪ್ರಬಂಧ ಎತ್ತಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಹಿಂದೆ ನಗ್ತಿದ್ರಲ್ಲ ಒಬ್ರು, ಅವರ ಮಕ್ಕಳು ಪುಣ್ಯವಂತರು ಮೇಡಂ. ದಿನಾ ಆ ನಗು ಕೇಳ್ಕೊಂಡು ಬೆಳ್ದಿರ್ತಾರೆ."