ಹೇಮಾ ಓದಿ ಹೇಳಿದ ಕೊನೆಯ ಅಧ್ಯಾಯ

ಕಾದಂಬರಿ ಓದಿ ಯಾರ ಬದುಕು ಬದಲಾಗುತ್ತೆ ಬಿಡಿ ಎನ್ನುವವರಲ್ಲಿ ನಾನೂ ಒಬ್ಬಳಾಗಿದ್ದೆ... ಕಳೆದ ತಿಂಗಳವರೆಗೆ.

ಹಾಸನದ ನಮ್ಮ ಬಡಾವಣೆಯಲ್ಲಿ ಹೆಂಗಸರದ್ದೇ ಒಂದು ಓದುಗರ ಬಳಗ ಇದೆ. ತಿಂಗಳಿಗೊಂದು ಪುಸ್ತಕ. ಓದಿದವರು ಒಂದು ಮೆಚ್ಚುಗೆ, ಒಂದು ತಕರಾರು ಎರಡನ್ನೂ ಹೇಳಲೇಬೇಕು.

ಬರೀ ಹೊಗಳಿದವರ ತಲೆಗೆ ಮುಂದಿನ ತಿಂಗಳ ತಿಂಡಿಯ ಖರ್ಚು ಬೀಳುತ್ತೆ... ಹಾಗಾಗಿ ನಮ್ಮಲ್ಲಿ ತಕರಾರಿಗೆ ಬರವಿಲ್ಲ!

ಈ ಸಲದ್ದು ಪತ್ತೇದಾರಿ ಕಾದಂಬರಿ. ಹಳೇ ಮನೆ, ಬೀಗ ಹಾಕಿದ ಕೋಣೆ, ಅನುಮಾನದ ಒಂದು ಸಾವು... ಎಲ್ಲ ಬಿಚ್ಚುತ್ತಾ ಹೋದರೆ ಕೊನೆಗೆ ಸಿಗುವ ಗುಟ್ಟು ಒಂದೇ. ಆ ಮನೆಯ ಮಗಳನ್ನು ತಾಯಿ ಹೆತ್ತಿರಲಿಲ್ಲ.

ನಮ್ಮ ಬಳಗದ ಹಿರಿಯರು ಪ್ರಮೀಳಮ್ಮ. ಕಣ್ಣಿನ ಪೊರೆ ಆಪರೇಷನ್ ಆಗಿದ್ದರಿಂದ ಡಾಕ್ಟರ್ ಸದ್ಯಕ್ಕೆ ಓದಬೇಡಿ ಎಂದಿದ್ದರು.

ಅವರು ಬಿಡಬೇಕಲ್ಲ... ಮಗಳು ಹೇಮಾ ಕೈಯಲ್ಲಿ ದಿನಾ ಮಧ್ಯಾಹ್ನ ಓದಿಸಿಕೊಂಡರು.

ಇಲ್ಲಿಂದ ಮುಂದಿನದ್ದನ್ನು ಪ್ರಮೀಳಮ್ಮನೇ ನನಗೆ ಹೇಳಿದ್ದು. ನಾಲ್ಕು ಜನಕ್ಕೆ ತಿಳಿಸು ಎಂದವರೂ ಅವರೇ.

ಹೇಮಾಳನ್ನೂ ಪ್ರಮೀಳಮ್ಮ ಹೆತ್ತಿರಲಿಲ್ಲ... ಹೆತ್ತವಳು ಅವರ ಸ್ವಂತ ತಂಗಿ ವನಜ. ಬಾಣಂತನದಲ್ಲೇ ತೀರಿಹೋದಳು.

ಮಗುವನ್ನು ಎದೆಗೆ ಅಪ್ಪಿಕೊಂಡ ಪ್ರಮೀಳಮ್ಮ, ಅಂದಿನಿಂದ ತಂಗಿಯ ಹೆಸರನ್ನೇ ಮನೆಯಲ್ಲಿ ಎತ್ತಲಿಲ್ಲ. ಫೋಟೋಗಳನ್ನೂ ಗೋಡೆಯಿಂದ ಇಳಿಸಿದರು.

ಈಗ ಮಗಳೇ ಎದುರಿಗೆ ಕೂತು ಅದೇ ಕಥೆ ಓದುತ್ತಿದ್ದಾಳೆ!

ಒಂದೊಂದು ಅಧ್ಯಾಯ ಮುಗಿದಾಗಲೂ ಪ್ರಮೀಳಮ್ಮ ಓದು ನಿಲ್ಲಿಸಲು ನೆಪ ಹುಡುಕುತ್ತಿದ್ದರು.

"ಸಾಕು ಕಣೇ... ಯಾಕೋ ಬೋರಾಗ್ತಿದೆ. ಬಿಟ್ಬಿಡು."

"ಇಷ್ಟು ದೂರ ಬಂದಿದೀವಲ್ಲಮ್ಮ, ಮುಗಿಸೇಬಿಡೋಣ," ಎಂದಳು ಹೇಮಾ.

ಕೊನೆಯ ಅಧ್ಯಾಯ ಬಂತು. ಗುಟ್ಟು ತಿಳಿದ ಮಗಳು ಸೂಟ್‌ಕೇಸ್ ಎತ್ತಿಕೊಂಡು ಬಾಗಿಲವರೆಗೆ ಹೋಗುತ್ತಾಳೆ...

ಹೇಮಾ ಅಲ್ಲಿ ಸ್ವಲ್ಪ ತಡವರಿಸಿದಳು. ಆಮೇಲೆ ನಿಧಾನವಾಗಿ ಓದಿದಳು. ಮಗಳು ಬಾಗಿಲಿನಿಂದ ವಾಪಸ್ ಬಂದು ತಾಯಿಯ ಕಾಲ ಬಳಿ ಕೂತಳಂತೆ... ನೀನು ಹೆತ್ತಿಲ್ಲ ಅಂತ ನನಗೆ ಬೇಜಾರಿಲ್ಲ, ನನ್ನನ್ನು ನಂಬಿ ಹೇಳಲಿಲ್ಲವಲ್ಲ ಅಂತ ಬೇಜಾರು ಎಂದಳಂತೆ.

ಈಗಲೇ ಹೇಳಿಬಿಡಲೇ ಅನ್ನಿಸಿತು ಪ್ರಮೀಳಮ್ಮನಿಗೆ. ಕಥೆಯ ಮಗಳು ಕ್ಷಮಿಸಬಹುದು... ನನ್ನ ಮಗಳು ಎದ್ದು ಹೋದರೆ? ಪುಸ್ತಕ ಮುಚ್ಚಿಡು ಎಂದಷ್ಟೇ ಹೇಳಿದರು.

ಭಾನುವಾರ ಬಳಗ ಸೇರಿತು. ನಾನೂ ಅಲ್ಲೇ ಇದ್ದೆ. ಅಮ್ಮನನ್ನು ಕೈಹಿಡಿದು ಕರೆತಂದ ಹೇಮಾ ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು.

ಮೊದಲು ಶಾಂತಕುಮಾರಿ ಟೀಚರ್ ಶುರು ಮಾಡಿದರು. "ಮೊದಲರ್ಧ ಕೆಳಗಿಡೋಕೇ ಆಗ್ಲಿಲ್ಲ. ಅಡುಗೆ ಸೀದುಹೋಯ್ತು. ಆದ್ರೆ ಕೊನೆ ನನಗೆ ಸೇರಲಿಲ್ಲಪ್ಪ. ಸಾಕಿದ ತಾಯಿ ಅಷ್ಟು ಅಳ್ತಾ ಇದ್ರೂ ಆ ಹುಡುಗಿ ಹಿಂದೆ ತಿರುಗಿ ಕೂಡ ನೋಡದೆ ಹೋದ್ಲಲ್ಲ..."

ನನ್ನ ತಕರಾರೂ ಅದೇ ಆಗಿತ್ತು. ಹೂಂ ಹೂಂ ಎಂದು ತಲೆ ಆಡಿಸಿದೆ.

ಪ್ರಮೀಳಮ್ಮ ಮಾತ್ರ ಒಪ್ಪಲಿಲ್ಲ. "ಎಲ್ಲಿ ಹೋದ್ಲು ಟೀಚರ್? ವಾಪಸ್ ಬಂದು ಅಮ್ಮನ ಕಾಲ ಹತ್ರ ಕೂತ್ಕೊಂಡ್ಲಲ್ಲ. ನನಗೆ ಇಡೀ ಪುಸ್ತಕದಲ್ಲಿ ಹಿಡಿಸಿದ್ದೇ ಅದು."

ನಾವೆಲ್ಲ ನಕ್ಕೆವು. "ಕೇಳ್ತಾ ಕೇಳ್ತಾ ನಿದ್ದೆ ಹೋಗಿದೀರ ಪ್ರಮೀಳಮ್ಮ," ಎಂದು ರೇಗಿಸಿದವಳು ನಾನೇ.

ಟೀಚರ್ ಕೊನೆಯ ಪುಟ ತೆಗೆದು ಜೋರಾಗಿ ಓದಿದರು. ಮಗಳು ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ...

ಪ್ರಮೀಳಮ್ಮ ನಿಧಾನವಾಗಿ ಹಿಂದೆ ತಿರುಗಿ ಮಗಳನ್ನು ನೋಡಿದರು.

ಹೇಮಾ ತಲೆ ತಗ್ಗಿಸಿದ್ದಳು.

ಏನಾಯಿತೆಂದು ನಮಗೆ ಯಾರಿಗೂ ಅರ್ಥವಾಗಲಿಲ್ಲ. ಪ್ರಮೀಳಮ್ಮ ಕಾಫಿಯನ್ನೂ ಕುಡಿಯದೆ ಹೊರಟರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಪ್ರಮೀಳಮ್ಮ ಕೇಳಿದರು. "ನಿಂಗೆ ಯಾವಾಗ ಗೊತ್ತಾಯ್ತು?"

"ಪಿಯುಸಿಲಿದ್ದಾಗ... ಊರಲ್ಲಿ ಒಬ್ರು ಅಜ್ಜಿ ನನ್ನ ಗಲ್ಲ ಹಿಡಿದು ಥೇಟ್ ವನಜನೇ ಅಂದ್ರು. ನೀನು ಗಾಬರಿಯಾಗಿ ನನ್ನ ಎಳ್ಕೊಂಡು ಬಂದೆ. ಆಮೇಲೆ ಅತ್ತೆನ ಕೇಳಿ ತಿಳ್ಕೊಂಡೆ. ಮಿಕ್ಕಿದ್ದನ್ನ ನಿಮ್ಮಮ್ಮನ್ನೇ ಕೇಳು ಅಂದ್ಬಿಟ್ರು ಅವ್ರು."

"ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನೀನು ಹೆದರ್ತೀಯ ಅಂತ... ಆ ಪುಸ್ತಕದ ಕೊನೆ ಇದ್ದ ಹಾಗೇ ಓದಿದ್ರೆ ನೀನು ಇನ್ನೂ ಹೆದರ್ತಿದ್ದೆ. ಅದಕ್ಕೇ ನನ್ನ ಮನಸ್ಸಲ್ಲಿದ್ದಿದ್ದನ್ನ ಓದಿದೆ."

ಪ್ರಮೀಳಮ್ಮ ಅಲ್ಲೇ ಕೆಳಗೆ ಕೂತರು. "ನನ್ನ ಬಿಟ್ಟು ಹೋಗ್ತೀಯ ಅನ್ಕೊಂಡಿದ್ದೆ ಕಣೇ..."

"ಎಲ್ಲಿಗಮ್ಮ ಹೋಗ್ಲಿ?" ಹೇಮಾ ಪಕ್ಕದಲ್ಲಿ ಕೂತಳು. "ಆದ್ರೆ ಒಂದು ಬೇಜಾರಿದೆ. ನನ್ನ ಹೆತ್ತವಳು ಎಂಥವಳು ಅಂತ ನಂಗೆ ಗೊತ್ತಿಲ್ಲ. ಕೇಳೋಣ ಅಂದ್ರೆ ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?"

ಆ ಮಾತಿಗೆ ಪ್ರಮೀಳಮ್ಮ ಬಿಕ್ಕಿ ಬಿಕ್ಕಿ ಅತ್ತರು. ಮಗಳನ್ನು ಕಳೆದುಕೊಳ್ಳುವ ಭಯದಲ್ಲಿ ಸ್ವಂತ ತಂಗಿಗಾಗಿ ಅವರು ಒಂದು ದಿನವೂ ಬಾಯಿಬಿಟ್ಟು ಅತ್ತಿರಲಿಲ್ಲ...

ತುಂಬಾ ಹೊತ್ತಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋದರು. ಹೇಮಾ ಆ ಕೈ ಹಿಡಿದುಕೊಂಡಳು. "ಆಪರೇಷನ್ ಆಗಿದೆ, ಉಜ್ಜಬೇಡ," ಎಂದು ತಾನೇ ಹತ್ತಿಯಿಂದ ಮೆಲ್ಲಗೆ ಒರೆಸಿದಳು.

"ವನಜ ಕುಳ್ಳಿ," ಎಂದರು ಪ್ರಮೀಳಮ್ಮ. "ಮಹಾ ಜಗಳಗಂಟಿ. ಹುಣಸೆಕಾಯಿ ಕದಿಯೋಕೆ ಅಂತ ಮರ ಹತ್ತಿ ಇಳಿಯೋಕಾಗದೆ ನನ್ನ ಹೆಸರು ಹಿಡಿದು ಕೂಗ್ತಿದ್ಲು..."

ಹೇಮಾ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

"ಇನ್ನೂ ಹೇಳಮ್ಮ," ಎಂದಳು.

*ಯಾರಿಗೆ ಹೇಳಲು ನಾವು ಹೆದರುತ್ತೇವೆಯೋ, ಎಷ್ಟೋ ಸಲ ಅವರೇ ನಮ್ಮ ಬಾಯಿಂದ ಕೇಳಲು ಕಾಯುತ್ತಿರುತ್ತಾರೆ.*

ನಿಮ್ಮ ಮನೆಯಲ್ಲೂ ನಿಮಗೆ ನೋವಾಗಬಾರದೆಂದು ಏನನ್ನೂ ಕೇಳದೆ ಸುಮ್ಮನಿರುವವರು ಯಾರಾದರೂ ಇದ್ದಾರೆಯೇ?